ಪಣಂಬೂರಿನಲ್ಲಿ ಹಡಗು ನಿಂತರೆ ಕದರಮಂಡಲಗಿಯಲ್ಲಿ ಪಾಳಿ!

ಕದರಮಂಡಲಗಿ: ಸಮುದ್ರವನ್ನು ಒಂದೇ ನೆಗೆತಕ್ಕೆ ಹಾರಿದ ದೇವರ ಊರು ಇದು. ಶನಿವಾರ ಬಂತೆಂದರೆ ಕಾಂತೇಶನ ಗುಡಿಯ ಮುಂದೆ ಬ್ಯಾಡಗಿ, ರಾಣೇಬೆನ್ನೂರು, ಹಿರೇಕೆರೂರು ಕಡೆಯ ಜನ ಸೇರುತ್ತಾರೆ. ಇಲ್ಲಿಯ ಕಾಂತೇಶ, ಸಾತೇನಹಳ್ಳಿಯ ಶಾಂತೇಶ, ಶಿಕಾರಿಪುರದ ಭ್ರಾಂತೇಶ, ಮೂವರನ್ನೂ ಒಂದೇ ದಿನ ಕಂಡರೆ ಪುಣ್ಯ ಎಂಬ ನಂಬಿಕೆಯಿಂದ ಗಾಡಿ ಮಾಡಿಕೊಂಡು ಬರುವವರೂ ಉಂಟು. ಆದರೆ ದೇವರು ಹಾರಿದ ಆ ಸಮುದ್ರಕ್ಕೂ ಈ ಊರಿಗೂ ಈಗ ಏನು ಸಂಬಂಧ ಅಂತ ಕೇಳಿದರೆ ಕಟ್ಟೆಯ ಮೇಲೆ ಕುಂತವರು ನಕ್ಕುಬಿಡುತ್ತಾರೆ. ಗೋಕರ್ಣಕ್ಕೋ ಮುರ್ಡೇಶ್ವರಕ್ಕೋ ಹೋದಾಗ ನೀರಿಗೆ ಕಾಲು ಅದ್ದಿ ಬಂದಿದ್ದಾರೆ. ಹಡಗು ನೋಡಿದ್ದು ಸಿನೆಮಾದಲ್ಲಿ.

ಸಂಬಂಧ ಇದೆ ಸ್ವಾಮೀ. ಅದು ಸೊಸೈಟಿಯ ಗೋದಾಮಿನಲ್ಲಿ ಚೀಲವಾಗಿ ಬಿದ್ದಿರುತ್ತದೆ. ಕೆಲವು ವರ್ಷ ಬೀಳಬೇಕಾದ ಹೊತ್ತಿಗೆ ಬಿದ್ದಿರುವುದಿಲ್ಲ. ತಕರಾರು ಇರುವುದೇ ಅಲ್ಲಿ.

ರೋಹಿಣಿ ಮಳೆ ಬಿದ್ದು ಮಿರಗ ಕೂಡುವ ಹೊತ್ತಿಗೆ ನಮ್ಮ ಜಿಲ್ಲೆಯಲ್ಲಿ ಗೋವಿನಜೋಳ, ಹತ್ತಿ ಬಿತ್ತನೆಗೆ ಕೂರಿಗೆ ಹೊರಬೀಳುತ್ತದೆ. ಬೀಜದ ಸಂಗಡ ಡಿಎಪಿ ಬೇಕು. ತಿಂಗಳೊಪ್ಪತ್ತು ಕಳೆದು ಎಡೆ ಹೊಡೆಯುವಾಗ ಮೇಲುಗೊಬ್ಬರಕ್ಕೆ ಯೂರಿಯಾ ಬೇಕು. ಹಿಂದಿಲ್ಲ, ಮುಂದಿಲ್ಲ. ಹತ್ತು ದಿನ ತಡವಾಗಿ ಬಂದ ಯೂರಿಯಾ ಹದ ತಪ್ಪಿದ ಮೇಲೆ ಬಂದ ಮಳೆ ಇದ್ದ ಹಾಗೆ. ಬಂತು ಅಂತ ಲೆಕ್ಕಕ್ಕೆ ಹಿಡಿಯಬಹುದು, ಬೆಳೆಗೆ ಹತ್ತುವುದಿಲ್ಲ. ಅಂಥ ದಿನಗಳಲ್ಲೇ ನಸುಕಿನಲ್ಲಿ ಹೆಂಗಸರು ಗಂಡಸರೆನ್ನದೆ ಆಧಾರ್ ಕಾರ್ಡು ಹಿಡಿದು ಪಾಳಿ ಹಚ್ಚುವುದು, ಚಪ್ಪಲಿ ಸಾಲಾಗಿ ಇಟ್ಟು ನೆರಳಿಗೆ ಕೂಡುವುದು. ಆಗ ಬೈಸಿಕೊಳ್ಳುವವನು ಸೊಸೈಟಿ ಸೆಕ್ರೆಟರಿ, ಅವನ ಮೇಲೆ ಕೃಷಿ ಇಲಾಖೆಯ ಸಾಹೇಬರು, ಅವರ ಮೇಲೆ ಮಂತ್ರಿ. ಪಾಳಿಯ ಬುಡ ಇರುವುದು ಬೇರೆ ಕಡೆ, ಘಟ್ಟ ಇಳಿದು ಪಣಂಬೂರಿನಲ್ಲಿ. ಆ ಹೆಸರು ಇಲ್ಲಿ ಯಾರ ಬಾಯಿಯಲ್ಲೂ ಬರುವುದಿಲ್ಲ.

ಚೀಲದ ಜಾತಕ

ನಮ್ಮ ಕಡೆ ಇದಕ್ಕೆ ಸರಕಾರಿ ಗೊಬ್ಬರ ಅನ್ನುತ್ತಾರೆ. ಹೆಸರೇನೋ ಸರಕಾರಿ, ಹುಟ್ಟಿದ್ದು ಮಾತ್ರ ಪರದೇಶದಲ್ಲಿ. ಪೊಟ್ಯಾಶ್ ತೆಗೆಯುವ ಗಣಿ ನಮ್ಮ ದೇಶದಲ್ಲಿ ನಡೆಯುತ್ತಿಲ್ಲ. ಕೆನಡಾ, ರಷ್ಯಾ, ಬೆಲಾರಸ್, ಜೋರ್ಡಾನ್, ಇಸ್ರೇಲ್ ಕಡೆಯಿಂದಲೇ ಹಡಗು ಏರಬೇಕು. ಡಿಎಪಿ ಒಂದಿಷ್ಟು ಸಿದ್ಧ ಮಾಲಾಗಿ ಬರುತ್ತದೆ. ಇಲ್ಲಿಯೇ ತಯಾರಿಸುತ್ತೇವೆ ಎಂಬ ಡಿಎಪಿಗೂ ಬೇಕಾದ ರಂಜಕದ ಆಮ್ಲ, ಅಮೋನಿಯಾ ಬಹುಪಾಲು ಹೊರಗಿನವೇ.

ಯೂರಿಯಾ ನಮ್ಮದೇ ಅಂತ ಎದೆ ತಟ್ಟಿಕೊಳ್ಳುವವರು ಇನ್ನೊಂದು ಮಾತು ಕೇಳಬೇಕು. ಪಣಂಬೂರಿನಲ್ಲಿ ಬಂದರಿಗೆ ಅಂಟಿಕೊಂಡೇ ಗೊಬ್ಬರದ ಕಾರ್ಖಾನೆ ಇದೆ. ಶುರುವಾದದ್ದು 1976ರಲ್ಲಿ. ‘ಮಂಗಳಾ’ ಚೀಲ ನಮ್ಮ ಭಾಗದಲ್ಲಿ ನೋಡದವರಿಲ್ಲ. ಗೊಬ್ಬರ ಖಾಲಿಯಾದ ಮೇಲೂ ಅದು ಬಾಗಿಲ ಮುಂದೆ ಕಾಲೊರಸಾಗಿ, ಕಣದಲ್ಲಿ ತಾಡಪತ್ರಿಯಾಗಿ ವರ್ಷಾನುಗಟ್ಟಲೆ ಬಾಳುತ್ತದೆ. ಈ ಕಾರ್ಖಾನೆ ಮೊದಲು ನಾಫ್ತಾದಿಂದ ಯೂರಿಯಾ ಮಾಡುತ್ತಿತ್ತು. ಕೊಚ್ಚಿಯಿಂದ ಮಂಗಳೂರಿಗೆ ಗ್ಯಾಸಿನ ಕೊಳವೆ ಬಂದು 2021ರ ಜನವರಿಯಲ್ಲಿ ಪ್ರಧಾನಿಗಳು ಅದನ್ನು ಉದ್ಘಾಟಿಸಿದ ಮೇಲೆ ಗ್ಯಾಸಿನ ಕಡೆಗೆ ಹೊರಳಿತು. ಆ ಗ್ಯಾಸು ಕೊಚ್ಚಿಗೆ ಬರುವುದು ಹೇಗೆ? ಮೈನಸ್ ನೂರರವತ್ತು ಡಿಗ್ರಿಗೆ ತಣ್ಣಗೆ ಮಾಡಿ ನೀರಾಗಿಸಿ, ಹಡಗಿನಲ್ಲಿ. ಅಂದರೆ ನಮ್ಮ ಊರ ಯೂರಿಯಾ ಪುಡಿಯಾಗಿ ಬರದಿದ್ದರೂ ಗಾಳಿಯಾಗಿ ಸಮುದ್ರ ದಾಟಿಯೇ ಬಂದಿರುತ್ತದೆ.

ಪಣಂಬೂರೇ ಒಂದು ದಾರಿ ಅಂತೇನೂ ಇಲ್ಲ. ಗೋವಾದ ಮುರಗಾಂವ್ ಬಂದರಿನ ಹತ್ತಿರ ಇನ್ನೊಂದು ದೊಡ್ಡ ಕಾರ್ಖಾನೆ ಇದೆ. ಆಂಧ್ರದ ಕಾಕಿನಾಡ ಮತ್ತು ಕೃಷ್ಣಪಟ್ಟಣದಲ್ಲೂ ಗೊಬ್ಬರದ ಹಡಗು ಇಳಿಯುತ್ತವೆ. ಆದರೂ ಕರ್ನಾಟಕಕ್ಕೆ ತನ್ನದು ಅಂತ ಇರುವ ದೊಡ್ಡ ಬಂದರು ಒಂದೇ. ಹಾಗಾಗಿ ಅದರ ಲೆಕ್ಕ ನಾವು ಕೇಳಬೇಕು.

ತೋಡಿ ಮಾಡಿದ ಬಂದರು

ಮಂಗಳೂರಿನ ಹಳೆಯ ಬಂದರು ನೇತ್ರಾವತಿ, ಗುರುಪುರ ಹೊಳೆಗಳು ಸಮುದ್ರ ಸೇರುವ ಕಡೆಯಲ್ಲಿದೆ. ಬಾಯಲ್ಲಿ ಮರಳು ತುಂಬಿ ದೊಡ್ಡ ಹಡಗು ಒಳಗೆ ಬರಲಾರದು. ಹಡಗು ಕಡಲಿನಲ್ಲಿ ದೂರ ಲಂಗರು ಹಾಕಬೇಕು, ದೋಣಿಯಲ್ಲಿ ಮಾಲು ಇಳಿಸಬೇಕು, ಮಳೆಗಾಲ ಬಂದರೆ ಅದೂ ಬಂದ್. ಇದಕ್ಕೆ ಪರಿಹಾರ ಬೇಕೆಂದು ದಿಲ್ಲಿಯಲ್ಲಿ ಹಟ ಹಿಡಿದವರು ಸಂಸದ ಉಳ್ಳಾಲ ಶ್ರೀನಿವಾಸ ಮಲ್ಯರು. 1965ರಲ್ಲಿ ಅವರು ತೀರಿಕೊಂಡರು, ಬಂದರು ಮುಗಿದದ್ದು ನೋಡಲಿಲ್ಲ. 1974ರ ಮೇ 4ರಂದು ಅದು ದೇಶದ ಒಂಬತ್ತನೆಯ ಮಹಾಬಂದರು ಎಂದು ಘೋಷಣೆಯಾಯಿತು. 1975ರ ಜನವರಿ 11ರಂದು ಪ್ರಧಾನಿ ಇಂದಿರಾ ಗಾಂಧಿ ಬಂದು ಉದ್ಘಾಟನೆ ಮಾಡಿದರು.

ಇದು ನಿಸರ್ಗ ಕೊಟ್ಟ ಬಂದರಲ್ಲ. ಪಣಂಬೂರಿನ ನೆಲವನ್ನೇ ತೋಡಿ, ಸಮುದ್ರದ ನೀರನ್ನು ಒಳಗೆ ಬಿಟ್ಟುಕೊಂಡು ಮಾಡಿದ ಕೆರೆ ಎನ್ನಬಹುದು. ಬಾಯಿಗೆ ಎರಡೂ ಬದಿ ಕಲ್ಲಿನ ಒಡ್ಡು, ಹೊರಗಿನಿಂದ ಹಡಗು ಬರಲು ಏಳೂವರೆ ಕಿಲೋಮೀಟರಿನ ಕಾಲುವೆ. ನಮ್ಮ ಕೆರೆಗೆ ಹೂಳು ತುಂಬಿದ ಹಾಗೆ ಇದಕ್ಕೂ ಪ್ರತಿ ಮಳೆಗಾಲ ಹೂಳು ತುಂಬುತ್ತದೆ. ನಮ್ಮ ಕೆರೆಯ ಹೂಳು ಹತ್ತಾರು ವರ್ಷಕ್ಕೊಮ್ಮೆ, ಅದೂ ಚುನಾವಣೆ ಹತ್ತಿರ ಬಂದರೆ ತೆಗೆಯುತ್ತಾರೆ. ಅಲ್ಲಿಯದು ವರ್ಷ ವರ್ಷ ತೆಗೆಯಲೇಬೇಕು. ಇಲ್ಲದಿದ್ದರೆ ಹಡಗಿನ ತಳ ನೆಲಕ್ಕೆ ಹತ್ತುತ್ತದೆ.

ನೆಲ ತೋಡಿದರು ಅಂದೆವಲ್ಲ, ಆ ನೆಲದ ಮೇಲೆ ಮನೆಗಳಿದ್ದವು. ಅಲ್ಲಿಯ ಜನರನ್ನು ಎಬ್ಬಿಸಿ ಕೃಷ್ಣಾಪುರ, ಕಾಟಿಪಳ್ಳದ ಕಡೆ ಸೈಟು ಕೊಟ್ಟು ಕೂಡಿಸಿದರು. ಕಡಲ ಕರೆಯ ತೆಂಗಿನ ತೋಟ, ಗದ್ದೆ ಬಿಟ್ಟು ಗುಡ್ಡದ ಕೆಂಪು ನೆಲಕ್ಕೆ ಹೋದವರು ಅವರು. ನಮಗೆ ಚೀಲ ಬರುವ ದಾರಿಯಲ್ಲಿ ಮೊದಲು ಬೆಲೆ ಕೊಟ್ಟವರ ಹೆಸರು ಬರೆಯುವುದಾದರೆ ಅವರಿಂದಲೇ ಶುರು ಮಾಡಬೇಕು.

ಬಂದರಿನ ಹೊಟ್ಟೆ ತುಂಬಿಸುವುದು ಗೊಬ್ಬರವಲ್ಲ ಎಂಬುದನ್ನೂ ಹೇಳಿಬಿಡೋಣ. ವರ್ಷಕ್ಕೆ 4 ಕೋಟಿ ಟನ್ನಿಗೂ ಮೇಲೆ ಮಾಲು ಅಲ್ಲಿ ಏರಿಳಿಯುತ್ತದೆ. ಅದರಲ್ಲಿ ಅರ್ಧಕ್ಕೂ ಹೆಚ್ಚು ರಿಫೈನರಿಯ ಕಚ್ಚಾ ಎಣ್ಣೆ, ಪೆಟ್ರೋಲು, ಡೀಸೆಲ್ಲು, ಅಡುಗೆ ಗ್ಯಾಸು. ಆಮೇಲೆ ಕಲ್ಲಿದ್ದಲು. ಒಂದು ಕಾಲಕ್ಕೆ ಕುದುರೆಮುಖದ ಅದಿರು ಬಂದರಿನ ದೊಡ್ಡ ಮಾಲಾಗಿತ್ತು. ಸುಪ್ರೀಂ ಕೋರ್ಟಿನ ಆದೇಶದಿಂದ 2005ರ ಕೊನೆಗೆ ಅಲ್ಲಿ ಗಣಿ ನಿಂತಿತು. ಇಷ್ಟೆಲ್ಲದರ ನಡುವೆ ಗೊಬ್ಬರದ ಹಡಗು ಸಣ್ಣ ಗಿರಾಕಿ. ನಮಗೆ ಪ್ರಾಣದ ಪ್ರಶ್ನೆ, ಅವರ ಖಾತೆ ಪುಸ್ತಕದಲ್ಲಿ ಒಂದು ಸಾಲು.

ಹಡಗಿನ ಬಾಡಿಗೆ

ಒಂದು ಹಡಗು ಬಂದರೆ ಏನೇನು ನಡೆಯುತ್ತದೆ? ನೇರ ಬಂದು ಕಟ್ಟೆಗೆ ಹತ್ತುವಂತಿಲ್ಲ. ಹೊರಗೆ ಲಂಗರು ಹಾಕಿ ತನ್ನ ಪಾಳಿಗೆ ಕಾಯಬೇಕು. (ಪಾಳಿ ನಮಗಷ್ಟೇ ಅಲ್ಲ.) ಜಾಗ ಖಾಲಿಯಾದ ಮೇಲೆ ಬಂದರಿನ ಪೈಲಟ್ ದೋಣಿಯಲ್ಲಿ ಹೋಗಿ ಹಡಗು ಹತ್ತುತ್ತಾನೆ. ಆ ಕಾಲುವೆಯ ತಿರುವು, ನೀರಿನ ಸೆಳೆತ ಅವನಿಗೆ ಗೊತ್ತು. ಪರದೇಶದ ಕ್ಯಾಪ್ಟನ್ನಿಗೆ ಗೊತ್ತಿಲ್ಲ. ಟಗ್ ಎಂಬ ಗಿಡ್ಡ ಜಟ್ಟಿಯಂಥ ಹಡಗುಗಳು ದೂಡಿ, ಎಳೆದು ಕಟ್ಟೆಗೆ ತಂದು ನಿಲ್ಲಿಸುತ್ತವೆ. ಪೈಲಟ್ಟಿನ ಕೂಲಿ, ಟಗ್ಗಿನ ಬಾಡಿಗೆ, ಕಟ್ಟೆ ಬಾಡಿಗೆ, ಮಾಲಿನ ಮೇಲೆ ಟನ್ನಿಗೆ ಇಷ್ಟು ಎಂಬ ಸುಂಕ, ಎಲ್ಲಕ್ಕೂ ದರಪಟ್ಟಿ ಉಂಟು.

ಮುಖ್ಯ ಮಾತು ಇನ್ನು ಮುಂದಿದೆ. ಹಡಗನ್ನು ಬಾಡಿಗೆಗೆ ಹಿಡಿದವನಿಗೆ ಮಾಲು ಇಳಿಸಲು ಇಂತಿಷ್ಟು ದಿನ ಎಂದು ಕರಾರು ಇರುತ್ತದೆ. ಅಷ್ಟರಲ್ಲಿ ಇಳಿಸಿದರೆ ಸರಿ. ದಿನ ಮೀರಿದರೆ ದಂಡ. ಅದಕ್ಕೆ ಡೆಮರೇಜು ಅನ್ನುತ್ತಾರೆ. ದೊಡ್ಡ ಹಡಗಾದರೆ ದಿನಕ್ಕೆ ಲಕ್ಷಗಟ್ಟಲೆ ರೂಪಾಯಿ, ಅದೂ ಡಾಲರಿನಲ್ಲಿ. ರೈಲ್ವೆ ಗೂಡ್ಸ್ ಶೆಡ್ಡಿನಲ್ಲಿ ಮಾಲು ಬಿಡಿಸುವುದು ತಡವಾದರೆ ವ್ಯಾಪಾರಿಗಳು ಕಟ್ಟುತ್ತಾರಲ್ಲ, ಅದರ ಅಣ್ಣ.

ಈಗ ಲೆಕ್ಕ ಹಾಕೋಣ. ಗೊಬ್ಬರ ಬರುವುದು ಹಡಗಿನ ಹೊಟ್ಟೆಯಲ್ಲಿ ಚೀಲವಿಲ್ಲದೆ, ಕಣದಲ್ಲಿ ರಾಶಿ ಹಾಕಿದ ಹಾಗೆ. ದೊಡ್ಡ ಕ್ರೇನಿನ ಬಾಯಿ ಅದನ್ನು ಕಚ್ಚಿ ಎತ್ತಿ ಹಾಕಬೇಕು, ಲಾರಿಯಲ್ಲಿ ಶೆಡ್ಡಿಗೆ ಹೋಗಬೇಕು, ಅಲ್ಲಿ ಚೀಲ ತುಂಬಿ, ತೂಗಿ, ಹೊಲಿದು, ಹಮಾಲರು ಬೆನ್ನ ಮೇಲೆ ಹೊತ್ತು ವ್ಯಾಗನ್ನಿಗೆ ಹಾಕಬೇಕು. ಒಂದು ರೇಕ್ ಅಂದರೆ 42 ವ್ಯಾಗನ್, ಸುಮಾರು 2600 ಟನ್. 50 ಸಾವಿರ ಟನ್ನಿನ ಒಂದು ಹಡಗು ಖಾಲಿಯಾಗಲು ಹತ್ತೊಂಬತ್ತು ರೇಕ್ ಬೇಕು. 50 ಕಿಲೋದ ಚೀಲದ ಲೆಕ್ಕದಲ್ಲಿ 10 ಲಕ್ಷ ಚೀಲ. ರೇಕ್ ಸಿಗಲಿಲ್ಲ ಅಂದರೆ ಶೆಡ್ಡು ತುಂಬುತ್ತದೆ, ಶೆಡ್ಡು ತುಂಬಿದರೆ ಹಡಗು ನಿಲ್ಲುತ್ತದೆ, ಹಡಗು ನಿಂತರೆ ಹಿಂದಿನ ಹಡಗು ಹೊರಗೆ ಅಲೆಯ ಮೇಲೆ ತೂಗಾಡುತ್ತ ಕಾಯುತ್ತದೆ.

ಇದಕ್ಕೆ ಮಳೆ ಸೇರಿಸಿರಿ. ಮಂಗಳೂರಿನಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿನ ಮೇಲೆ ಮಳೆ. ನಮ್ಮ ಕಡೆ ಏಳೆಂಟು ನೂರು. ಯೂರಿಯಾ ನೀರು ಕಂಡರೆ ಕರಗುವ ಮಾಲು, ಹಸಿ ಗಾಳಿಗೇ ಹೆಂಟೆ ಕಟ್ಟುತ್ತದೆ. ಮಳೆ ಬಂದ ಕೂಡಲೇ ಹಡಗಿನ ಮುಚ್ಚಳ ಮುಚ್ಚಬೇಕು, ನಿಂತ ಮೇಲೆ ತೆರೆಯಬೇಕು. ನಮಗೆ ಗೊಬ್ಬರ ಬೇಕಾಗುವುದು ಯಾವ ತಿಂಗಳು? ಜೂನ್, ಜುಲೈ. ಪಣಂಬೂರಿನಲ್ಲಿ ಆಕಾಶ ಹರಿದು ಬೀಳುವುದು ಯಾವ ತಿಂಗಳು? ಅದೇ ಜೂನ್, ಜುಲೈ. ನಮ್ಮ ಹೊಲಕ್ಕೆ ಹದ ಮಾಡುವ ಮುಂಗಾರೇ ಅಲ್ಲಿ ಗೊಬ್ಬರವನ್ನು ತಡೆದು ನಿಲ್ಲಿಸುತ್ತದೆ.

ಘಟ್ಟ ಏರಬೇಕಲ್ಲ!

ಬಂದರು ದಾಟಿದರೆ ಮುಗಿಯಲಿಲ್ಲ. ಪಣಂಬೂರಿನಿಂದ ಹಾವೇರಿಗೆ ರೈಲಿನಲ್ಲಿ ನಾನೂರೈವತ್ತು ಕಿಲೋಮೀಟರಿನ ಆಜುಬಾಜು. ಸುಬ್ರಹ್ಮಣ್ಯ, ಸಕಲೇಶಪುರ, ಹಾಸನ, ಅರಸೀಕೆರೆ, ಬೀರೂರು, ದಾವಣಗೆರೆ, ಹರಿಹರ, ರಾಣೇಬೆನ್ನೂರು. ಸುಬ್ರಹ್ಮಣ್ಯದಿಂದ ಸಕಲೇಶಪುರದವರೆಗಿನ ಸುಮಾರು 55 ಕಿಲೋಮೀಟರ್ ಘಟ್ಟದಲ್ಲಿ 57 ಸುರಂಗ. ಏರು ಎಷ್ಟೆಂದರೆ ಗೂಡ್ಸ್ ಗಾಡಿಗೆ ಹಿಂದಿನಿಂದ ದೂಡಲು ಬೇರೆ ಎಂಜಿನ್ನು ಬೇಕು. ಈ ಮಾರ್ಗ 1979ರಲ್ಲಿ ಮೀಟರ್ ಗೇಜಿನಲ್ಲಿ ಶುರುವಾಯಿತು. ಬ್ರಾಡ್‌ಗೇಜ್ ಮಾಡುತ್ತೇವೆಂದು ವರ್ಷಗಟ್ಟಲೆ ಮುಚ್ಚಿ, 2006ರಲ್ಲಿ ಗೂಡ್ಸ್ ಗಾಡಿಗೆ ತೆರೆದರು. ಬಂದರು ಕಟ್ಟಿ, ಅದರ ಬೆನ್ನಿನ ನಾಡಿಗೆ ಹೋಗುವ ದಾರಿಯನ್ನೇ ಅಷ್ಟು ವರ್ಷ ಮುಚ್ಚಿಟ್ಟ ಜಾಣತನಕ್ಕೆ ಏನನ್ನೋಣ?

ಅದಾದ ಮೇಲೂ ಗುಡ್ಡ ಸುಮ್ಮನಿಲ್ಲ. 2018ರ ಆಗಸ್ಟಿನಲ್ಲಿ ಅನೇಕ ಕಡೆ ಮಣ್ಣು ಕುಸಿದು ರೈಲು ವಾರಗಟ್ಟಲೆ ನಿಂತಿತು. 2024ರ ಜುಲೈ ಕೊನೆಯಲ್ಲಿ ಯಡಕುಮರಿ ಹತ್ತಿರ ಮತ್ತೆ ಕುಸಿಯಿತು. ರಸ್ತೆಯಲ್ಲಿ ಹೋಗೋಣ ಅಂದರೆ ಶಿರಾಡಿ ಘಾಟು. ಅದರ ಮಳೆಗಾಲದ ವೈಭವ ಲಾರಿ ಡ್ರೈವರುಗಳ ಬಾಯಿಂದ ಕೇಳಬೇಕು, ಪತ್ರಿಕೆಯಲ್ಲಿ ಅಚ್ಚು ಹಾಕುವಂತಿಲ್ಲ.

ಬೆಲೆ ಏರುವುದಿಲ್ಲ, ಪಾಳಿ ಬೆಳೆಯುತ್ತದೆ

ಇಲ್ಲಿ ಒಂದು ವಿಚಿತ್ರ ಇದೆ. ಉಳ್ಳಾಗಡ್ಡಿ ಕಡಿಮೆ ಬಂದರೆ ರೇಟು ಏರುತ್ತದೆ, ಜನಕ್ಕೆ ಕೂಡಲೇ ಗೊತ್ತಾಗುತ್ತದೆ. ಗೊಬ್ಬರದಲ್ಲಿ ಹಾಗಿಲ್ಲ. ಯೂರಿಯಾದ ಬೆಲೆ ಸರಕಾರ ಕಟ್ಟಿಹಾಕಿದೆ. 2025ರಲ್ಲಿ 45 ಕಿಲೋ ಚೀಲಕ್ಕೆ 266 ರೂಪಾಯಿ 50 ಪೈಸೆ. ಡಿಎಪಿ 50 ಕಿಲೋ ಚೀಲಕ್ಕೆ 1350. ಮಿಕ್ಕಿದ್ದನ್ನು ಸಬ್ಸಿಡಿ ಎಂದು ಕೇಂದ್ರ ತುಂಬಿಕೊಡುತ್ತದೆ. ಇದು ರೈತನಿಗೆ ಉಪಕಾರವೇ, ಅಲ್ಲವೆನ್ನಲಾಗದು. ಆದರೆ ಹಡಗು ತಡವಾದದ್ದು, ಡೆಮರೇಜು ಬಿದ್ದದ್ದು, ರೇಕ್ ಸಿಗದಿದ್ದದ್ದು ಯಾವುದೂ ಚೀಲದ ಮೇಲಿನ ಬೆಲೆಯಲ್ಲಿ ಕಾಣುವುದಿಲ್ಲ. ಪಾಳಿಯ ಉದ್ದದಲ್ಲಿ ಕಾಣುತ್ತದೆ. ಒಂದು ದಿನದ ಕೂಲಿ ಕಳೆದುಕೊಂಡು ನಿಂತವನ ಮುಖದಲ್ಲಿ ಕಾಣುತ್ತದೆ. ಯೂರಿಯಾ ಬೇಕಾದರೆ ಈ ಡಬ್ಬಿ ಔಷಧವನ್ನೂ ಒಯ್ಯಬೇಕು ಎಂದು ಕೆಲವು ಅಂಗಡಿಗಳಲ್ಲಿ ತಗಲಿಸಿ ಕಳಿಸುವುದರಲ್ಲಿ ಕಾಣುತ್ತದೆ. ಹೀಗಾಗಿ ಬಂದರಿನ ತಪ್ಪು ಬಂದರಿಗೆ ಹತ್ತುವುದೇ ಇಲ್ಲ.

2008ರ ಜೂನ್ 10ನ್ನು ಹಾವೇರಿ ಮರೆಯುವಂತಿಲ್ಲ. ಆ ವರ್ಷ ಜಗತ್ತಿನ ಪೇಟೆಯಲ್ಲಿ ಡಿಎಪಿ ಟನ್ನಿಗೆ 1000 ಡಾಲರ್ ದಾಟಿತ್ತು. ದುಡ್ಡು ಕೊಟ್ಟರೂ ಮಾಲು ಸಿಗದ ಕಾಲ. ಇಲ್ಲಿ ಮಳೆ ಬಿದ್ದಿತ್ತು, ಹೊಲ ಹದಕ್ಕೆ ಬಂದಿತ್ತು, ರಾಜ್ಯದಲ್ಲಿ ಹೊಸ ಸರಕಾರ ಪ್ರಮಾಣವಚನ ಮಾಡಿ ಎರಡು ವಾರ ಕೂಡ ಆಗಿರಲಿಲ್ಲ. ಗೊಬ್ಬರ ಕೇಳಲು ಹಾವೇರಿಗೆ ಬಂದ ರೈತರ ಮೇಲೆ ಪೊಲೀಸರ ಗುಂಡು ಹಾರಿತು. ಇಬ್ಬರು ರೈತರು ಸತ್ತರು. ಗೋಲಿಬಾರು ಮಾಡಿದವರು ಯಾರು, ಮಾಡಿಸಿದವರು ಯಾರು ಎಂಬ ಚರ್ಚೆ ಬೇಕಾದಷ್ಟಾಯಿತು. ಮೇ ತಿಂಗಳಲ್ಲಿ ನಮ್ಮ ಪಾಲಿನ ಹಡಗು ಯಾವ ಬಂದರಿನಲ್ಲಿತ್ತು ಎಂಬ ಪ್ರಶ್ನೆ ಆ ಗದ್ದಲದಲ್ಲಿ ಎಲ್ಲೋ ಹೂತು ಹೋಯಿತು. ಪ್ರತಿ ವರ್ಷ ಆ ದಿನ ರೈತ ಸಂಘದವರು ಹುತಾತ್ಮರ ದಿನ ಮಾಡುತ್ತಾರೆ.

ಹದಿನೇಳು ವರ್ಷ ಕಳೆದು 2025ರ ಮುಂಗಾರಿನಲ್ಲಿ ಯೂರಿಯಾಕ್ಕೆ ರಾಜ್ಯದ ತುಂಬ ಮತ್ತೆ ಪಾಳಿ ಹತ್ತಿತು. ರಾಜ್ಯದವರು ಕೇಂದ್ರ ಕೊಡಲಿಲ್ಲ ಅಂದರು, ಕೇಂದ್ರದವರು ನಾವು ಕೊಟ್ಟಿದ್ದೇವೆ, ನೀವು ಹಂಚಲಿಲ್ಲ ಅಂದರು. ಅದಕ್ಕೆ ಹಿಂದೆ ಚೀನಾ ತನ್ನ ಗೊಬ್ಬರದ ರಫ್ತಿಗೆ ಹಗ್ಗ ಬಿಗಿದಿತ್ತು. 2023ರ ಕೊನೆಯಿಂದ ಕೆಂಪು ಸಮುದ್ರದಲ್ಲಿ ಹಡಗುಗಳ ಮೇಲೆ ದಾಳಿ ಶುರುವಾಗಿ, ಆ ದಾರಿ ಬಿಟ್ಟು ಆಫ್ರಿಕಾ ಖಂಡವನ್ನೇ ಸುತ್ತಿ ಬರುವ ಹಡಗುಗಳಿಗೆ ಹತ್ತು ಹದಿನೈದು ದಿನ ಹೆಚ್ಚು ಹಿಡಿಯುತ್ತಿತ್ತು. ಯೆಮೆನಿನಲ್ಲಿ ಯಾರೋ ಹಾರಿಸಿದ ಬಾಣಕ್ಕೆ ಇಲ್ಲಿಯ ಗೋವಿನಜೋಳ ಹಳದಿಯಾಗುವ ಕಾಲ ಬಂದಿದೆ ನೋಡ್ರಿ.

ಕುಮಟಾ ಹತ್ತಿಯ ಕಾಲ

ಈ ಸೀಮೆಗೂ ಬಂದರಿಗೂ ಗಂಟು ಬಿದ್ದದ್ದು ಇವತ್ತಲ್ಲ. ಅಜ್ಜನ ಅಜ್ಜನ ಕಾಲದಲ್ಲಿ ಹಾವೇರಿ ಧಾರವಾಡ ಜಿಲ್ಲೆಯಲ್ಲಿತ್ತು, ಧಾರವಾಡ ಮುಂಬೈ ಪ್ರಾಂತ್ಯದಲ್ಲಿತ್ತು, ಮಂಗಳೂರು ಮದ್ರಾಸಿನವರದು. ನಮ್ಮ ಬಂದರು ಆಗ ಕುಮಟಾ. ಧಾರವಾಡ ಸೀಮೆಯ ಹತ್ತಿ ಎತ್ತಿನ ಬಂಡಿಯಲ್ಲಿ ಶಿರಸಿ ಹಾಯ್ದು, ದೇವಿಮನೆ ಘಟ್ಟ ಇಳಿದು ಕುಮಟಾಕ್ಕೆ ಹೋಗುತ್ತಿತ್ತು. ಮರಳಿ ಬರುವಾಗ ಅದೇ ಬಂಡಿಯಲ್ಲಿ ಸಾಣಿಕಟ್ಟಾ ಉಪ್ಪು, ತೆಂಗಿನಕಾಯಿ. ಹತ್ತಿ ಬೆಳೆದದ್ದು ಇಲ್ಲಿ, ಹೆಸರು ಬಂದದ್ದು ಬಂದರಿಗೆ. ಮುಂಬೈ, ಲಿವರ್‌ಪೂಲ್ ಪೇಟೆಯಲ್ಲಿ ನಮ್ಮ ನಾಡಹತ್ತಿಯನ್ನು ‘ಕುಮಟಾ’ ಎಂದೇ ಕರೆದರು. ಇವತ್ತಿಗೂ ಕೃಷಿ ಪುಸ್ತಕದಲ್ಲಿ ಆ ಹೆಸರು ಇದೆ. ಆಮೇಲೆ ಬಂದ ಜಯಧರ ತಳಿ ಅದರ ಮನೆತನದ್ದೇ.

1861ರಲ್ಲಿ ಅಮೆರಿಕದಲ್ಲಿ ಅಣ್ಣತಮ್ಮಂದಿರ ಯುದ್ಧ ಶುರುವಾಯಿತು. ಅಲ್ಲಿಯ ಹತ್ತಿ ಇಂಗ್ಲೆಂಡಿಗೆ ಬರುವುದು ನಿಂತಿತು, ಇಲ್ಲಿಯ ಹತ್ತಿಗೆ ಬಂಗಾರದ ಬೆಲೆ ಬಂತು. ಮ್ಯಾಂಚೆಸ್ಟರಿನ ಗಿರಣಿಯವರಿಗೆ ಕುಮಟಾ ಸಾಲದಾಯಿತು. ಅದು ಬಯಲು ಬಂದರು, ಮಳೆಗಾಲದಲ್ಲಿ ಬಾಗಿಲು ಹಾಕಬೇಕು. ಕಾರವಾರ ಒಳ್ಳೆಯ ಬಂದರು, ಅದನ್ನು ಬೆಳೆಸಿ ಧಾರವಾಡಕ್ಕೆ ದಾರಿ ಮಾಡಿ ಎಂದು ಹಟ ಹಿಡಿದರು. ಒಂದು ಜಿಲ್ಲೆಯನ್ನೇ ಪ್ರಾಂತ್ಯದಿಂದ ಪ್ರಾಂತ್ಯಕ್ಕೆ ಎತ್ತಿಡುವಷ್ಟು ಅವರ ಮಾತು ನಡೆಯಿತು. 1862ರಲ್ಲಿ ಉತ್ತರ ಕನ್ನಡ ಮದ್ರಾಸನ್ನು ಬಿಟ್ಟು ಮುಂಬೈಗೆ ಸೇರಿತು. ದುಡ್ಡಿನ ಆಸೆಗೆ ಹತ್ತಿಯಲ್ಲಿ ಕಸ, ಬೀಜ ಬೆರೆಸುವವರೂ ಹುಟ್ಟಿಕೊಂಡರು. 1863ರಲ್ಲಿ ಮುಂಬೈ ಸರಕಾರ ಹತ್ತಿಯ ಮೋಸಕ್ಕೆಂದೇ ಬೇರೆ ಕಾನೂನು ಮಾಡಬೇಕಾಯಿತು!

1865ಕ್ಕೆ ಯುದ್ಧ ನಿಂತಿತು. ಬೆಲೆ ಧೊಪ್ಪನೆ ಬಿತ್ತು. ಕಾರವಾರಕ್ಕೆ ಹುಬ್ಬಳ್ಳಿಯಿಂದ ರೈಲು ಬರುತ್ತದೆ ಎಂದು ಕಾದರು, ಬರಲಿಲ್ಲ. 1880ರ ದಶಕದ ಕೊನೆಗೆ ರೈಲು ಹೋದದ್ದು ಪೋರ್ತುಗೀಜರ ಮುರಗಾಂವಿಗೆ, ಕ್ಯಾಸಲ್‌ರಾಕ್ ಹಾಯ್ದು. ಬ್ಯಾಡಗಿ, ರಾಣೇಬೆನ್ನೂರಿನ ಮೇಲೆ ಹರಿಹರದ ಕಡೆ ಹಳಿ ಬಿದ್ದದ್ದೂ ಅದೇ ದಶಕದಲ್ಲಿ. ಬಂಡಿಯವರ ಹೊಟ್ಟೆ ಬತ್ತಿತು, ಕುಮಟಾದ ಹತ್ತಿ ಪ್ರೆಸ್ಸುಗಳು ಸುಮ್ಮನಾದವು. ಆವಾಗಲೂ ಬಂದರು ಯಾವುದು, ಹಳಿ ಎಲ್ಲಿ ಎಂದು ಬೇರೆ ಯಾರೋ ನಿರ್ಧಾರ ಮಾಡಿದರು. ಏರಿದ ಬೆಲೆ, ಬಿದ್ದ ಬೆಲೆ ಮಾತ್ರ ಹೊಲದ ತನಕ ಬಂತು.

ಮೆಣಸಿನಕಾಯಿ ಯಾವ ಬಂದರಿಗೆ?

ಒಳಗೆ ಬರುವ ಮಾಲಿನ ಮಾತಾಯಿತು. ಹೊರಗೆ ಹೋಗುವುದು? ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಜಿಐ ಎಂಬ ಮುದ್ರೆ ಸಿಕ್ಕಿತು. ಖಾರ ಕಡಿಮೆ, ಬಣ್ಣ ಕಡುಗೆಂಪು. ಈ ಬಣ್ಣವೇ ಅದರ ಬಂಡವಾಳ. ಅದನ್ನು ಹಿಂಡಿ ಓಲಿಯೋರೆಸಿನ್ ಎಂಬ ಎಣ್ಣೆಯಂಥ ಗಟ್ಟಿ ದ್ರವ ಮಾಡುತ್ತಾರೆ. ಪರದೇಶದವರು ತಿನಿಸಿಗೆ, ತುಟಿರಂಗಿಗೆ ಬಳಸುತ್ತಾರೆ. ಈ ಕಸುಬಿನ ದೊಡ್ಡ ಕಾರ್ಖಾನೆಗಳು ಕೇರಳದಲ್ಲಿ, ಕೊಚ್ಚಿಯ ಸುತ್ತಮುತ್ತ ಬೇರು ಬಿಟ್ಟಿವೆ. ಬಂದರು ಪಕ್ಕದಲ್ಲಿ, ಕಂಟೇನರು ಪಕ್ಕದಲ್ಲಿ. ಬ್ಯಾಡಗಿಯಿಂದ ಚೀಲ ಅಲ್ಲಿಗೆ ಹೋಗಿ ಡ್ರಮ್ಮಾಗಿ ಹಡಗು ಏರುತ್ತದೆ.

ಮಂಗಳೂರಿನಲ್ಲೂ ಕಂಟೇನರ್ ವ್ಯವಸ್ಥೆ ಇದೆ. ಕಾಫಿ, ಗೇರುಬೀಜ ಅಲ್ಲಿಂದ ಹೋಗುತ್ತವೆ. ಕಂಟೇನರ್ ಕಟ್ಟೆಯನ್ನು ಖಾಸಗಿ ಕಂಪನಿಗೆ ಕೊಟ್ಟು, 2022ರಲ್ಲಿ ಯಂತ್ರ ಕೂಡಿಸಿದರು. ಆದರೆ ದೊಡ್ಡ ತಾಯಿ ಹಡಗುಗಳು ಅಲ್ಲಿಗೆ ಬರುವುದು ಕಷ್ಟ. ಸಣ್ಣ ಹಡಗಿನಲ್ಲಿ ಕೊಲಂಬೊ ಕಡೆಗೆ ಹೋಗಿ ದೊಡ್ಡದಕ್ಕೆ ಏರಬೇಕು. ಹಳ್ಳಿ ಬಸ್ಸು ಹತ್ತಿ ಹಾವೇರಿಗೆ ಬಂದು ಬೆಂಗಳೂರು ಬಸ್ಸು ಹಿಡಿದ ಹಾಗೆ. ಆ ಹಳ್ಳಿ ಬಸ್ಸು ತಪ್ಪಿದರೆ?

2024ರ ಮಾರ್ಚ್ 11ರಂದು ಬ್ಯಾಡಗಿ ಎಪಿಎಂಸಿಯಲ್ಲಿ ಆದದ್ದನ್ನು ಎಲ್ಲರೂ ಕಂಡಿದ್ದೇವೆ. ಒಂದೇ ಸವನೆ ಬೆಲೆ ಬಿದ್ದಿತೆಂದು ಸಿಟ್ಟಿಗೆದ್ದು ಕಚೇರಿಗೆ ಕಲ್ಲು, ವಾಹನಗಳಿಗೆ ಬೆಂಕಿ. ಸುಟ್ಟದ್ದು ತಪ್ಪು. ಬಳ್ಳಾರಿ, ರಾಯಚೂರು, ಆಂಧ್ರದಿಂದ ಬೆಟ್ಟದಷ್ಟು ಆವಕ ಬಂದದ್ದು ಒಂದು ಕಾರಣ, ಕೋಲ್ಡ್ ಸ್ಟೋರೇಜಿನಲ್ಲಿ ಹಳೇ ಮಾಲು ಕುಂತದ್ದು ಇನ್ನೊಂದು. ಆ ದಿನಗಳಲ್ಲಿ ಹಡಗುಗಳು ಆಫ್ರಿಕಾ ಸುತ್ತುತ್ತಿದ್ದವು, ಬಾಡಿಗೆ ಏರಿತ್ತು. ಅದರ ಪಾಲು ಎಷ್ಟೆಂದು ತೂಗಿ ಹೇಳುವ ತಕ್ಕಡಿ ನಮ್ಮಲ್ಲಿಲ್ಲ. ಆದರೆ ಟೆಂಡರ್ ಹಾಕುವ ಖರೀದಿದಾರನ ಮೊಬೈಲಿನಲ್ಲಿ ಹಡಗಿನ ಬಾಡಿಗೆ ಇರುತ್ತದೆ, ಚೀಲದ ಮೇಲೆ ಕುಂತ ರೈತನ ಮೊಬೈಲಿನಲ್ಲಿ ಇರುವುದಿಲ್ಲ. ಇಷ್ಟಂತೂ ಖರೆ.

ಹೊಸ ಬಂದರು ಬರುತ್ತದಂತೆ!

ಹತ್ತಿರದಲ್ಲೇ ಬಂದರು ಇದ್ದರೆ? ರಾಜ್ಯಕ್ಕೆ ಮುನ್ನೂರು ಕಿಲೋಮೀಟರಿನ ಕರಾವಳಿ ಇದೆ, ಕಾರವಾರ, ಬೇಲೆಕೇರಿ, ತದಡಿ, ಹೊನ್ನಾವರ ಎಂದು ಹತ್ತು ಹನ್ನೆರಡು ಸಣ್ಣ ಬಂದರು ಇವೆ. ಹುಬ್ಬಳ್ಳಿ–ಅಂಕೋಲಾ ರೈಲಿಗೆ 1990ರ ದಶಕದಲ್ಲಿ ಮಂಜೂರಾತಿ ಸಿಕ್ಕಿತು, ನೂರರವತ್ತು ಕಿಲೋಮೀಟರಿಗೂ ಹೆಚ್ಚು. ಕಾಡು ಅಡ್ಡ ಬಂತು. 2020ರ ಮಾರ್ಚಿನಲ್ಲಿ ರಾಜ್ಯ ವನ್ಯಜೀವಿ ಮಂಡಳಿ ಹೂಂ ಅಂದಿತು, ಜೂನಿನಲ್ಲಿ ಹೈಕೋರ್ಟು ತಡೆ ಕೊಟ್ಟಿತು. ಹಾವೇರಿಯಿಂದ ಶಿರಸಿ ಹಾಯ್ದು ಕುಮಟಾಕ್ಕೆ ಹೋಗುವ ಹಳೇ ಬಂಡಿ ದಾರಿ ಈಗ ರಾಷ್ಟ್ರೀಯ ಹೆದ್ದಾರಿ. ದೇವಿಮನೆ ಘಟ್ಟದಲ್ಲಿ ಅಗಲ ಮಾಡುವ ಕೆಲಸ ವರ್ಷಗಟ್ಟಲೆ ಎಳೆಯಿತು. ಅಂಕೋಲಾ ಹತ್ತಿರ ಕೇಣಿಯಲ್ಲಿ 4,119 ಕೋಟಿ ರೂಪಾಯಿಯ ಹೊಸ ಬಂದರಿಗೆ 2023ರ ನವೆಂಬರಿನಲ್ಲಿ ಖಾಸಗಿ ಕಂಪನಿಗೆ ಒಪ್ಪಿಗೆ ಕೊಟ್ಟರು. ಉಕ್ಕಿನ ಕಾರ್ಖಾನೆಯ ಕಲ್ಲಿದ್ದಲು, ಅದಿರು ಅದರ ಮುಖ್ಯ ಗುರಿ.

ಅಲ್ಲಿಯ ಮೀನುಗಾರರು ಬೀದಿಗಿಳಿದಿದ್ದಾರೆ. ಕಾರವಾರದಲ್ಲಿ ಬಂದರು ವಿಸ್ತರಣೆಗೆ ವಿರೋಧವಾಗಿ 2020ರ ಜನವರಿಯಲ್ಲೂ ಇಳಿದಿದ್ದರು. ಕಾಂತೇಶನ ಊರಿನಲ್ಲಿ ಕುಂತು ಬಂದರು ಬೇಗ ಆಗಲಿ ಎಂದು ಬರೆಯುವುದು ಸುಲಭ. ಎಬ್ಬಿಸುವುದು ನಮ್ಮ ಮನೆಯನ್ನಲ್ಲ. ಪಣಂಬೂರಿನವರನ್ನು ಎಬ್ಬಿಸಿದ ಐವತ್ತು ವರ್ಷಕ್ಕೂ ನಮ್ಮ ಪಾಳಿ ಕರಗಿಲ್ಲ. ಇನ್ನು ಸಣ್ಣ ಬಂದರುಗಳ ಆಡಳಿತ ಹೇಗಿತ್ತೆಂದರೆ, 2010ರಲ್ಲಿ ಬೇಲೆಕೇರಿಯಲ್ಲಿ ಜಪ್ತಿ ಮಾಡಿಟ್ಟ ಲಕ್ಷಗಟ್ಟಲೆ ಟನ್ ಅದಿರು ಹಡಗು ಹತ್ತಿ ಮಾಯವಾಯಿತು. ಯೂರಿಯಾ ಒಂದು ಚೀಲ ಹೆಚ್ಚು ಒಯ್ದರೆ ನಮ್ಮ ಹೆಬ್ಬೆಟ್ಟು ಹಿಡಿಯುವ ಯಂತ್ರ ಕೂಗಿಕೊಳ್ಳುತ್ತದೆ!

ಬೋರ್ಡಿನಲ್ಲಿ ಯಾರು?

ಮಂಗಳೂರು ಬಂದರಿಗೆ 1980ರಿಂದ ಟ್ರಸ್ಟ್ ಇತ್ತು. 2021ರ ಹೊಸ ಕಾನೂನಿನ ಮೇಲೆ ಅದು ಪ್ರಾಧಿಕಾರವಾಯಿತು. ದರ ಗೊತ್ತು ಮಾಡಲು ಮೊದಲು ದೇಶಕ್ಕೆಲ್ಲ ಒಂದು ಬೇರೆ ಸಂಸ್ಥೆ ಇತ್ತು. ಈಗ ಆ ಅಧಿಕಾರ ಬೋರ್ಡಿನ ಕೈಗೆ ಬಂದಿದೆ. ಬೋರ್ಡಿನಲ್ಲಿ ಅಧ್ಯಕ್ಷರು, ಉಪಾಧ್ಯಕ್ಷರು, ರೈಲ್ವೆಯವರು, ಕಸ್ಟಮ್ಸಿನವರು, ರಕ್ಷಣಾ ಇಲಾಖೆಯವರು, ಕಾರ್ಮಿಕರ ಪರವಾಗಿ ಇಬ್ಬರು, ಸ್ವತಂತ್ರ ಸದಸ್ಯರು, ರಾಜ್ಯ ಸರಕಾರದ ಒಬ್ಬರು. ಘಟ್ಟದ ಮೇಲಿನ ಹದಿನೈದು ಇಪ್ಪತ್ತು ಜಿಲ್ಲೆಯ ಪರವಾಗಿ ಮಾತಾಡಬೇಕಾದವರು ಆ ಕೊನೆಯ ಒಬ್ಬರೇ.

ರೈಲು ಹಳಿ, ಹೊಸ ಬಂದರು ಎಲ್ಲ ದೊಡ್ಡವರ ಮಾತು. ಸಣ್ಣ ಕೆಲಸ ಒಂದಿದೆ. ಮಳೆಗಾಲದ ಗೊಬ್ಬರವನ್ನು ಮಳೆಗಾಲಕ್ಕೆ ಮೊದಲೇ ಘಟ್ಟ ಹತ್ತಿಸಿ ಇಡುವುದು. ಮಾರ್ಕೆಟಿಂಗ್ ಫೆಡರೇಷನ್ ಮೂಲಕ ಕಾಪು ದಾಸ್ತಾನು ಮಾಡುವ ಪದ್ಧತಿ ರಾಜ್ಯದಲ್ಲಿ ಇದ್ದೇ ಇದೆ. ಫೆಬ್ರವರಿ, ಮಾರ್ಚಿನಲ್ಲಿ ಪಣಂಬೂರಿನಲ್ಲಿ ಮಳೆಯಿಲ್ಲ, ಶಿರಾಡಿಯಲ್ಲಿ ಮಣ್ಣು ಕುಸಿಯುವುದಿಲ್ಲ, ಸಮುದ್ರವೂ ಸುಮ್ಮನಿರುತ್ತದೆ. ಆಗ ತರಲು ಬಡ್ಡಿ ಬೀಳುತ್ತದೆ, ಗೋದಾಮಿನ ಬಾಡಿಗೆ ಬೀಳುತ್ತದೆ ಎಂದು ಕಂಪನಿಗಳು ಹಿಂದೆ ಸರಿಯುತ್ತವೆ. ಬೀಳಲಿ. ಆ ಬಡ್ಡಿ ಎಷ್ಟು, ಒಂದು ಪಾಳಿಯ ದಿನಗೂಲಿ ಎಷ್ಟು ಎಂದು ಕೂಡಿ ಕಳೆಯಲು ಪಿಯುಸಿ ಪಾಸಾಗಬೇಕಿಲ್ಲ.

ಜಿಲ್ಲಾ ಪ್ರಗತಿ ಪರಿಶೀಲನಾ ಸಭೆಯಲ್ಲಿ ‘ಗೊಬ್ಬರದ ಕೊರತೆ ಇಲ್ಲ’ ಎಂಬ ಹಾಳೆ ಪ್ರತಿ ವರ್ಷ ಓದುತ್ತಾರೆ. ಆ ಹಾಳೆಯಲ್ಲಿ ಹಂಚಿಕೆಯಾದದ್ದು ಎಷ್ಟು ಅಂತ ಇರುತ್ತದೆ. ಹಂಚಿಕೆಯಾದದ್ದು ಅಂದರೆ ಕಾಗದದ ಮೇಲೆ ನಮ್ಮ ಹೆಸರಿಗೆ ಬಿದ್ದದ್ದು; ಅದು ಹಡಗಿನಲ್ಲೂ ಇರಬಹುದು, ಬಂದರಿನ ಶೆಡ್ಡಿನಲ್ಲೂ ಇರಬಹುದು, ಸಕಲೇಶಪುರದಲ್ಲಿ ಎಂಜಿನ್ನಿಗೆ ಕಾಯುತ್ತಲೂ ಇರಬಹುದು. ಮೇ 25ಕ್ಕೆ, ರೋಹಿಣಿ ಮಳೆ ಕೂಡುವ ದಿನ, ಬ್ಯಾಡಗಿ ತಾಲ್ಲೂಕಿನ ಸೊಸೈಟಿಗಳ ಗೋದಾಮಿನಲ್ಲಿ ಡಿಎಪಿ ಎಷ್ಟು ಚೀಲ, ಯೂರಿಯಾ ಎಷ್ಟು ಚೀಲ ಕಣ್ಣಿಗೆ ಕಾಣುವಂತೆ ಇವೆ ಎಂದು ಬಾಗಿಲು ತೆಗೆಸಿ ಎಣಿಸಿ ಬೋರ್ಡು ಬರೆದು ಹಾಕಲಿ. ಶಾಸಕರು ಕೇಳಲಿ, ತಾಲ್ಲೂಕು ಕೃಷಿ ಅಧಿಕಾರಿಗಳು ಬರೆಸಲಿ. ಸೀಮೆಸುಣ್ಣದ ಖರ್ಚನ್ನು ಬೇಕಾದರೆ ನಮ್ಮ ಪತ್ರಿಕೆಯವರು ಕೊಡುತ್ತೇವೆ.